ಉಪ್ಪು ಕೊಳ್ಳಲು ಬರುವ ನಾಣ್ಯ ಕೊಡಿ: ಕಾರವಾರದಿಂದ ಒಂದು ಬಹಿರಂಗ ಪತ್ರ

ಕೇಂದ್ರ ಹಣಕಾಸು ಸಚಿವಾಲಯದಲ್ಲಿ ನಾಣ್ಯದ ಕೆಲಸ ನೋಡುವ ಅಧಿಕಾರಿಗಳಿಗೆ, ಟಂಕಸಾಲೆಗಳಲ್ಲಿ ಚಿತ್ರ ಬರೆಯುವವರಿಗೆ, ಅಚ್ಚು ಕೊರೆಯುವವರಿಗೆ,

ಕಾರವಾರದಿಂದ ನಮಸ್ಕಾರ.

ನಾನು ಸರಕಾರಿ ಬಸ್ಸಿನಲ್ಲಿ 29 ವರ್ಷ ಕಂಡಕ್ಟರ್ ಆಗಿದ್ದವನು. ಕಾರವಾರ, ಅಂಕೋಲಾ, ಕುಮಟಾ, ಶಿರಸಿ, ಯಲ್ಲಾಪುರ, ಗೋಕರ್ಣ ಅಂತ ಈ ಜಿಲ್ಲೆಯ ಹೆಚ್ಚಿನ ರೂಟುಗಳಲ್ಲಿ ಟಿಕೆಟ್ ಕೊಟ್ಟಿದ್ದೇನೆ. ನಾಣ್ಯ ಕೂಡಿಡುವ ಹುಚ್ಚು ಹಿಡಿದದ್ದು ಆ ಚರ್ಮದ ಚೀಲದಿಂದಲೇ. ರಾತ್ರಿ ಲೆಕ್ಕ ಒಪ್ಪಿಸುವ ಮೊದಲು ಚಿಲ್ಲರೆಯನ್ನೆಲ್ಲ ಸುರಿದು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದೆ. ಹೊಸ ಚಿತ್ರದ್ದು ಕಂಡರೆ ಅಷ್ಟೇ ಬೆಲೆಯ ನಾಣ್ಯವನ್ನು ನನ್ನ ಜೇಬಿನಿಂದ ಚೀಲಕ್ಕೆ ಹಾಕಿ, ಅದನ್ನು ಎತ್ತಿಟ್ಟುಕೊಳ್ಳುತ್ತಿದ್ದೆ. 2006ರ ಬಸವಣ್ಣನವರ 5 ರೂಪಾಯಿ ನಾಣ್ಯ ನನಗೆ ಸಿಕ್ಕಿದ್ದು ಹಾಗೇ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವ ಕೊನೆ ಬಸ್ಸಿನಲ್ಲಿ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೊಟ್ಟದ್ದು. ಟಾಗೋರರ 150ನೇ ಹುಟ್ಟಿದ ವರ್ಷದ 5 ರೂಪಾಯಿ ಸಿಕ್ಕಿದ್ದು ಇದೇ ಕಾರವಾರದಲ್ಲಿ, ಅವರ ಹೆಸರಿಟ್ಟ ಕಡಲತೀರದ ಎದುರಿನ ಸ್ಟಾಪಿನಲ್ಲಿ. ತರುಣರಾಗಿದ್ದಾಗ ಅವರು ಇಲ್ಲಿ ಬಂದು ಉಳಿದಿದ್ದರು, ಅಣ್ಣ ಇಲ್ಲಿ ಜಡ್ಜ್ ಆಗಿದ್ದರು. ಆ ನಾಣ್ಯ ಕೈಗೆ ಬಂದ ದಿನ ಎಷ್ಟು ಖುಷಿಯಾಗಿತ್ತು ಅಂತ ಬರೆದು ತಿಳಿಸುವುದು ಕಷ್ಟ.

ಈಗ ವಿಷಯಕ್ಕೆ ಬರುತ್ತೇನೆ.

2030ಕ್ಕೆ ಉಪ್ಪಿನ ಸತ್ಯಾಗ್ರಹಕ್ಕೆ 100 ವರ್ಷ ತುಂಬುತ್ತದೆ. 75 ವರ್ಷ ಆದಾಗ, 2005ರಲ್ಲಿ, ನೀವು ದಂಡಿ ಯಾತ್ರೆಯ ನಾಣ್ಯ ತಂದಿದ್ದಿರಿ: 100 ರೂಪಾಯಿಯದ್ದೊಂದು, 5 ರೂಪಾಯಿಯದ್ದೊಂದು. ಹಾಗಾಗಿ ನೂರಕ್ಕೂ ಒಂದು ನಾಣ್ಯ ಬರುತ್ತದೆ ಅಂತ ನಾವು ಕಾಯುತ್ತಿದ್ದೇವೆ. ನಾವು ಅಂದರೆ ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಹತ್ತು ಹನ್ನೆರಡು ಜನ ನಾಣ್ಯದ ಹುಚ್ಚಿನವರು. ತಿಂಗಳಿಗೊಂದು ಭಾನುವಾರ, ಕಾರವಾರದ ಸಂತೆ ಮುಗಿಸಿ ಒಬ್ಬರ ಮನೆ ಜಗುಲಿಯಲ್ಲಿ ಸೇರುತ್ತೇವೆ. ಒಬ್ಬರು ನಿವೃತ್ತ ಚಿತ್ರಕಲಾ ಮೇಷ್ಟ್ರು, ಒಬ್ಬರು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು, ಶಿರಸಿಯಿಂದ ಬರುವ ಒಬ್ಬ ಅಡಿಕೆ ತೋಟದ ಹುಡುಗಿ, ಬೈತಖೋಲದ ಒಬ್ಬ ಮೀನು ವ್ಯಾಪಾರಿ, ಕುಮಟಾದ ಒಬ್ಬ ಸ್ನೇಹಿತರು, ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಈ ನೂರರ ನಾಣ್ಯ ಹೇಗಿರಬೇಕು ಅಂತ ನಾಲ್ಕು ಭಾನುವಾರ ಮಾತಾಡಿದೆವು. ಜಗಳವೂ ಆಯಿತು. ಅದನ್ನೆಲ್ಲ ನಿಮಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಜಿಲ್ಲೆಗೆ ಈ ನಾಣ್ಯ ಯಾಕೆ ಇಷ್ಟು ಹತ್ತಿರ ಅಂತ ಮೊದಲು ಹೇಳಬೇಕು. 1930ರ ಏಪ್ರಿಲ್‌ನಲ್ಲಿ ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿಕೊಂಡ ಒಂದು ವಾರಕ್ಕೆ, 13ನೇ ತಾರೀಕು, ಅಂಕೋಲೆಯ ಕಡಲತೀರದಲ್ಲಿ ಎಂ.ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ನಮ್ಮ ಜನ ಉಪ್ಪಿನ ಕಾಯ್ದೆ ಮುರಿದರು. ಆಮೇಲೆ ಕರ ನಿರಾಕರಣೆ ಚಳವಳಿಯಲ್ಲಿ ಅಂಕೋಲಾ, ಸಿದ್ದಾಪುರ ಕಡೆಯ ರೈತರು ಹೊಲ ಮನೆ ಕಳೆದುಕೊಂಡರು. ಬಾರ್ಡೋಲಿ ಅಂದರೆ ಗುಜರಾತಿನಲ್ಲಿ ರೈತರು ಕರ ಕೊಡದೆ ಹೋರಾಡಿದ ಊರು; ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಅಂತ ಹೆಸರು ಬಂದದ್ದು ಸುಮ್ನೆ ಅಲ್ಲ. ದಂಡಿಗೆ ಗಾಂಧೀಜಿ ಜೊತೆ ನಡೆದ ತಂಡದಲ್ಲಿ ಒಬ್ಬ ಕನ್ನಡಿಗರೂ ಇದ್ದರು, ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಇಷ್ಟೆಲ್ಲ ಇರುವಾಗ ಆ ನಾಣ್ಯ ನಮ್ಮ ಕೈಗೆ ಬರಬೇಕು ಅಂತ ಆಸೆ ಪಡುವುದು ತಪ್ಪಲ್ಲ ಅಲ್ವಾ?

ಕೈಗೆ ಬರಬೇಕು ಅನ್ನುವುದೇ ನಮ್ಮ ಮೊದಲ ಮಾತು, ದೊಡ್ಡ ಮಾತು.

ಈಚಿನ ವರ್ಷಗಳಲ್ಲಿ ನೀವು ತಂದ ಸ್ಮಾರಕ ನಾಣ್ಯಗಳಲ್ಲಿ ಹೆಚ್ಚಿನವು ಜನರ ಕೈಗೆ ಬರಲೇ ಇಲ್ಲ. 2019ರಲ್ಲಿ ಗಾಂಧೀಜಿಯ 150ಕ್ಕೆ 150 ರೂಪಾಯಿ ನಾಣ್ಯ, ಗುರು ನಾನಕರ 550ಕ್ಕೆ 550 ರೂಪಾಯಿ, 2023ರಲ್ಲಿ ಮೀರಾಬಾಯಿಯ 525ಕ್ಕೆ 525 ರೂಪಾಯಿ. ಅದೇ ವರ್ಷ ಹೊಸ ಸಂಸತ್ ಭವನಕ್ಕೆ 75 ರೂಪಾಯಿ ನಾಣ್ಯ: 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಅರ್ಧ ಬೆಳ್ಳಿ, ಉಳಿದದ್ದು ತಾಮ್ರ, ನಿಕ್ಕಲ್, ಸತು, ಅಂಚಿಗೆ 200 ಗೀರು. ಚಂದದ ಕೆಲಸ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅದು ಪೆಟ್ಟಿಗೆಯಲ್ಲಿ ಬರುತ್ತದೆ, ಮುಖಬೆಲೆಯ ಎಷ್ಟೋ ಪಟ್ಟು ಕೊಟ್ಟು ಬುಕ್ ಮಾಡಿ ತರಿಸಬೇಕು, ತಂದವರು ಮತ್ತೆ ಪೆಟ್ಟಿಗೆಯಲ್ಲೇ ಇಡುತ್ತಾರೆ. ನಮ್ಮಲ್ಲಿ ಇಬ್ಬರ ಹತ್ತಿರ ಇಂಥ ಬೆಳ್ಳಿ ನಾಣ್ಯಗಳಿವೆ. ಅವರು ತಂದು ತೋರಿಸುವಾಗ ನಾವು ಬೆರಳು ತಾಗಿಸುವುದಿಲ್ಲ, ಕಲೆ ಬೀಳುತ್ತದೆ ಅಂತ.

ಮೊದಲು ಹೀಗಿರಲಿಲ್ಲ. 1964ರಲ್ಲಿ ನೆಹರೂ ತೀರಿಕೊಂಡಾಗ ಬಂದ ನಮ್ಮ ದೇಶದ ಮೊದಲ ಸ್ಮಾರಕ ನಾಣ್ಯಗಳು 1 ರೂಪಾಯಿ ಮತ್ತು ಎಂಟಾಣೆ. ಗಾಂಧೀಜಿಯ ನೂರಕ್ಕೆ 10 ರೂಪಾಯಿಯ ಬೆಳ್ಳಿ ನಾಣ್ಯವೂ ಇತ್ತು, ಜೊತೆಗೆ 20 ಪೈಸೆಯದ್ದೂ ಇತ್ತು. ಆ ಹಳದಿ 20 ಪೈಸೆ ನಮ್ಮ ಅಮ್ಮನ ಡಬ್ಬಿಯಲ್ಲಿ ಏಳೆಂಟು ಇದ್ದವು. ಅದರಲ್ಲಿ ಬಂಗಾರ ಬೆರೆಸಿದ್ದಾರೆ ಅಂತ ಊರಲ್ಲಿ ಮಾತಿತ್ತು, ಅದಕ್ಕೆ ಖರ್ಚು ಮಾಡದೆ ಇಟ್ಟಿದ್ದಳು. ನಾನು ಗಾಂಧೀಜಿ ಮುಖ ಮೊದಲು ಸರಿಯಾಗಿ ನೋಡಿದ್ದು ಆ ನಾಣ್ಯದಲ್ಲಿ. 1974ರಲ್ಲಿ ಅಪ್ಪ, ಅಮ್ಮ, ಎರಡು ಮಕ್ಕಳ ಚಿತ್ರವನ್ನು ನೀವು 10 ಪೈಸೆ ಮೇಲೆ ಹಾಕಿದಿರಿ. 1986ರಲ್ಲಿ ಮೀನುಗಾರಿಕೆ ಹೆಸರಲ್ಲಿ ಎಂಟಾಣೆ ತಂದಿರಿ. ಆ ಎಂಟಾಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಒಬ್ಬ ಅಕ್ಕನಿಗೆ ಮೊನ್ನೆ ಮೊನ್ನೆ ಅದನ್ನು ತೋರಿಸಿದೆ. ಅವರು ಕೈ ಒರೆಸಿಕೊಂಡು ತೆಗೆದುಕೊಂಡರು, ಬೆಳಕಿಗೆ ಹಿಡಿದರು, ಪಕ್ಕದವಳನ್ನು ಕರೆದರು. ಐದು ನಿಮಿಷದಲ್ಲಿ ಅಲ್ಲಿದ್ದ ಎಲ್ಲರ ಕೈಯಲ್ಲೂ ಅದು ಓಡಾಡಿ ಬಂತು. "ನಮ್ದೂ ಹಾಕಿದ್ರಾ ಹಾಗಾದ್ರೆ" ಅಂತ ಅವರು ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಾಣ್ಯ ಬಂದು ಎಷ್ಟು ವರ್ಷ ಆಗಿದೆ ನೋಡಿ.

ಹಾಗಾಗಿ ಉಪ್ಪಿನ ಸತ್ಯಾಗ್ರಹದ ನಾಣ್ಯ ಚಲಾವಣೆಗೆ ಬರಲಿ. 10 ರೂಪಾಯಿಯದ್ದೋ 20 ರೂಪಾಯಿಯದ್ದೋ ಆಗಲಿ. ಬೆಳ್ಳಿಯದ್ದು ಬೇಕಾದರೆ ಜೊತೆಗೆ ಮಾಡಿ, ಕೊಳ್ಳುವವರು ಕೊಳ್ಳುತ್ತಾರೆ. ಆದರೆ ಉಪ್ಪಿನ ಹೆಸರಿನ ನಾಣ್ಯ ಕೊಟ್ಟು ಅಂಗಡಿಯಲ್ಲಿ ಒಂದು ಪೊಟ್ಟಣ ಉಪ್ಪು ತರಲು ಆಗಬೇಕು. ಬಡವರ ಉಪ್ಪಿನ ಮೇಲೂ ತೆರಿಗೆ ಹಾಕಿದರು, ಕಡಲು ಪಕ್ಕದಲ್ಲೇ ಇದ್ದರೂ ಒಂದು ಹಿಡಿ ಉಪ್ಪು ಮಾಡಿಕೊಳ್ಳಲು ಬಿಡಲಿಲ್ಲ ಅಂತಲೇ ಆ ಹೋರಾಟ ನಡೆದದ್ದು. ಅದರ ನೆನಪಿನ ನಾಣ್ಯವನ್ನು ಸಾವಿರಗಟ್ಟಲೆ ಕೊಟ್ಟವರು ಮಾತ್ರ ನೋಡುವ ಹಾಗಾದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಇನ್ನು ಚಿತ್ರದ ವಿಷಯ. ಇಲ್ಲಿಯೇ ಜಗಳ ಆದದ್ದು.

2005ರ ನಾಣ್ಯದಲ್ಲಿ ಗಾಂಧೀಜಿ ಕೋಲು ಹಿಡಿದು ಮುಂದೆ, ಹಿಂದೆ ಜನರ ಸಾಲು. ಹಳೆಯ 500 ರೂಪಾಯಿ ನೋಟಿನ ಹಿಂದೆಯೂ ದಂಡಿ ಯಾತ್ರೆಯ ಸಾಲೇ ಇತ್ತು. ಒಳ್ಳೆಯ ಚಿತ್ರ, ಆದರೆ ನೋಟಿಗೆ ಒಪ್ಪಿದ್ದು ನಾಣ್ಯಕ್ಕೆ ಒಪ್ಪುವುದಿಲ್ಲ. ಅಷ್ಟೊಂದು ಜನರನ್ನು ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಲೋಹದ ತುಂಡಿನಲ್ಲಿ ತುಂಬಿದರೆ ಯಾರ ಮುಖವೂ ಉಳಿಯುವುದಿಲ್ಲ. ಇದನ್ನು ನನಗಿಂತ ಚೆನ್ನಾಗಿ ನೀವು ಬಲ್ಲಿರಿ. ಚಲಾವಣೆಯ ನಾಣ್ಯಕ್ಕೆ ಯಂತ್ರ ಒಂದೇ ಪೆಟ್ಟು ಕೊಡುತ್ತದೆ, ಚಿತ್ರ ತುಂಬ ಎತ್ತರಕ್ಕೆ ಏಳುವುದಿಲ್ಲ. ಎದ್ದಿರುವ ಅಂಚಿಗಿಂತ ಚಿತ್ರ ತಗ್ಗಾಗಿರಬೇಕು, ಇಲ್ಲದಿದ್ದರೆ ಒಂದರ ಮೇಲೊಂದು ಪೇರಿಸಲು ಬರುವುದಿಲ್ಲ, ಬೇಗ ಸವೆಯುತ್ತದೆ. ಎಲ್ಲಕ್ಕಿಂತ ಮೊದಲು ಸವೆಯುವುದು ಮೂಗು, ಕೆನ್ನೆ, ಕಿವಿಯ ಮೇಲಿನ ಕೂದಲು. ಹತ್ತು ವರ್ಷ ಚೀಲದಲ್ಲಿ ಉರುಳಿದ ನಾಣ್ಯಗಳನ್ನು ನಾನು ಸಾವಿರಗಟ್ಟಲೆ ನೋಡಿದ್ದೇನೆ. ಫೋಟೊ ನೋಡಿ ಅದನ್ನೇ ಅಚ್ಚಿಗಿಳಿಸಿದ ಮುಖಗಳು ಆ ಹೊತ್ತಿಗೆ ಎಲ್ಲ ಒಂದೇ ಥರ ಆಗಿರುತ್ತವೆ. ಕೆಳಗಿನ ಹೆಸರು ಓದದಿದ್ದರೆ ಯಾರು ಅಂತ ಗೊತ್ತಾಗುವುದಿಲ್ಲ.

ಹಳೆಯವರು ಇದನ್ನು ಹೇಗೆ ಮಾಡಿದ್ದರು ಅಂತ ನೋಡಿ. ನಮ್ಮ ಕಾರವಾರದ ಹೆಸರು ನಾಣ್ಯದ ಪುಸ್ತಕಗಳಲ್ಲಿ ಇರುವುದು ಚುಟು ರಾಜರ ಸೀಸದ ನಾಣ್ಯಗಳಿಂದ. ಬನವಾಸಿಯಲ್ಲಿ ಕದಂಬರಿಗೂ ಮೊದಲು ಆಳಿದವರು ಅವರು. ಮೂಲಾನಂದ ಅನ್ನುವ ರಾಜನ ಒಂದು ನಾಣ್ಯದ ಫೋಟೊವನ್ನು ಮೇಷ್ಟ್ರು ದೊಡ್ಡದು ಮಾಡಿಸಿ ತಂದಿದ್ದರು. ಒಂದು ಬದಿಯಲ್ಲಿ ಕಮಾನುಗಳನ್ನು ಪೇರಿಸಿದ ಹಾಗಿರುವ ಬೆಟ್ಟ, ಕೆಳಗೆ ಹೊಳೆಯ ಗೆರೆ. ಇನ್ನೊಂದು ಬದಿಯಲ್ಲಿ ಕಟಕಟೆಯೊಳಗೆ ಒಂದು ಮರ. ಅಷ್ಟೇ. ರಾಜನ ಮುಖ ಇಲ್ಲ, ಹೆಸರು ಮಾತ್ರ ಸುತ್ತ ಇದೆ. ಅದರ ಅಗಲ 27 ಮಿಲಿಮೀಟರ್. ನಿಮ್ಮ ಈಗಿನ 10 ರೂಪಾಯಿ ನಾಣ್ಯದ ಅಗಲವೂ 27, 20ರದ್ದೂ 27! ಇದು ಗೊತ್ತಾದಾಗ ಜಗುಲಿಯಲ್ಲಿದ್ದವರೆಲ್ಲ ಜೇಬಿನಿಂದ ಹತ್ತರ ನಾಣ್ಯ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಷ್ಟೇ ಜಾಗದಲ್ಲಿ, ಸೀಸದಂಥ ಮೆತ್ತಗಿನ ಲೋಹದಲ್ಲಿ, ಸಾವಿರದ ಏಳುನೂರು ವರ್ಷಕ್ಕೂ ಹಿಂದೆ ಒತ್ತಿದ ಬೆಟ್ಟ ಇವತ್ತಿಗೂ ಬೆಟ್ಟ ಅಂತ ಗೊತ್ತಾಗುತ್ತದೆ. ಮರ ಮರದ ಹಾಗೇ ಇದೆ.

ಮೇಷ್ಟ್ರು ಮೂರು ಚಿತ್ರ ಬರೆದರು. ಮೊದಲನೆಯದು ಬಿಚ್ಚಿದ ಅಂಗೈ, ಅದರಲ್ಲಿ ಒಂದು ಹಿಡಿ ಉಪ್ಪು. ಎರಡನೆಯದು ಉಪ್ಪಿನ ಆಗರ. ಮೂರನೆಯದು ಒದ್ದೆ ಮರಳಿನ ಮೇಲೆ ಸಾಲಾಗಿ ಹೋದ ಹೆಜ್ಜೆ ಗುರುತು.

ಶಿರಸಿಯ ಹುಡುಗಿಗೆ ಹೆಜ್ಜೆ ಇಷ್ಟವಾಯಿತು. ನಡೆದವರಲ್ಲಿ ಹೆಚ್ಚಿನವರ ಹೆಸರು ಜನರಿಗೆ ಗೊತ್ತಿಲ್ಲ, ಹೆಜ್ಜೆ ಹಾಕಿದರೆ ಅವರೆಲ್ಲ ಬಂದ ಹಾಗಾಗುತ್ತದೆ ಅಂದಳು. ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು ಕೂತು ಸತ್ಯಾಗ್ರಹ ಮಾಡಿದ್ದನ್ನು ನೆನಪಿಸಿದಳು. ಕ್ಯಾಷಿಯರ್ ಒಪ್ಪಲಿಲ್ಲ. ಗಾಂಧೀಜಿ ಇಲ್ಲದೆ ಉಪ್ಪಿನ ಸತ್ಯಾಗ್ರಹದ ನಾಣ್ಯ ಮಾಡಿದರೆ ಜನ ಏನಂತಾರೆ, ನೋಟಿನಲ್ಲಿ ಇರುವವರು ನಾಣ್ಯದಲ್ಲಿ ಬೇಡವಾ ಅಂತ ಏರು ದನಿಯಲ್ಲೇ ಕೇಳಿದರು. ಅವರ ತಂದೆ ಅಂಕೋಲೆಯವರು, ಅವರಿಗೆ ಇದು ಮನಸ್ಸಿಗೆ ತಾಗುವ ವಿಷಯ. ನಾನು ಅವರ ಮಾತನ್ನೂ ನಿಮಗೆ ತಿಳಿಸಲೇಬೇಕು.

ನನ್ನ ಮನಸ್ಸು ಎರಡನೆಯದರ ಕಡೆಗೆ. ಮಾದನಗೇರಿಯಿಂದ ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಸಾಣಿಕಟ್ಟಾ ಸಿಗುತ್ತದೆ. ಅಘನಾಶಿನಿ ನದಿ ಕಡಲು ಸೇರುವ ಕಡೆ, ಇವತ್ತಿಗೂ ಅಲ್ಲಿ ಉಪ್ಪು ಬೆಳೆಯುತ್ತಾರೆ. ಬೆಳೆಯುವುದು ಅಂತಲೇ ಹೇಳುವುದು ನಾವು. ಸಣ್ಣ ಸಣ್ಣ ಬದು ಹಾಕಿ ಚೌಕ ಚೌಕ ಮಾಡಿ, ಭರತದ ನೀರು ಒಳಗೆ ಬಿಟ್ಟುಕೊಂಡು, ಬಿಸಿಲಿಗೆ ಆರಲು ಬಿಟ್ಟು, ಮೇಲೆ ಕಟ್ಟಿದ ಉಪ್ಪನ್ನು ಉದ್ದ ಹಿಡಿಯ ಹಲಗೆಯಿಂದ ಎಳೆದು ಗುಡ್ಡೆ ಹಾಕುತ್ತಾರೆ. ಆಗೇರ ಜನರಿಗೆ ಇದು ತಲೆಮಾರಿನಿಂದ ಬಂದ ಕೆಲಸ. ಬೇಸಿಗೆಯಲ್ಲಿ ಆ ದಾರಿಯಲ್ಲಿ ಬಸ್ ಹೋಗುವಾಗ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ: ಕನ್ನಡಿಯ ಹಾಗೆ ಹೊಳೆಯುವ ಚೌಕಗಳು, ಅವುಗಳ ನಡುವೆ ಬಿಳಿ ಗುಡ್ಡೆ, ಬಗ್ಗಿ ಉಪ್ಪು ಎಳೆಯುತ್ತಿರುವ ಒಬ್ಬ ಹೆಂಗಸು. ನಾಣ್ಯಕ್ಕೆ ಇದಕ್ಕಿಂತ ಒಪ್ಪುವ ಚಿತ್ರ ನನಗೆ ತೋಚುವುದಿಲ್ಲ. ಬದುಗಳು ಎದ್ದ ಗೆರೆಗಳಾಗುತ್ತವೆ, ನೀರಿನ ಚೌಕಗಳು ನಯವಾಗಿ ತಗ್ಗಿನಲ್ಲಿ ಉಳಿಯುತ್ತವೆ, ಗುಡ್ಡೆ ಒಂದೇ ಕಡೆ ಸ್ವಲ್ಪ ಎತ್ತರಕ್ಕೆ ಏಳುತ್ತದೆ. ಸವೆದರೂ ಗೆರೆ ಗೆರೆಯಾಗಿಯೇ ಇರುತ್ತದೆ. ಬೆರಳಾಡಿಸಿದರೆ ತಿಳಿಯುತ್ತದೆ.

ಈ ಬೆರಳಿನ ಮಾತು ನಮ್ಮ ಕುಮಟಾದ ಸ್ನೇಹಿತರದ್ದು. ನೀವು ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದಾಗಿ ನೋಡಿ ಒಪ್ಪುತ್ತೀರಿ, ನಾನು ಅದನ್ನು ಹೆಬ್ಬೆರಳಲ್ಲಿ ನೋಡುತ್ತೇನೆ ಅಂತ ಅವರು ಹೇಳಿದರು. 2019ರಲ್ಲಿ ಬಂದ ಸರಣಿಯನ್ನು ಅವರು ಮೆಚ್ಚುತ್ತಾರೆ, ಬೆಲೆ ಏರಿದ ಹಾಗೆ ಗಾತ್ರ, ತೂಕ ಏರುತ್ತದೆ ಅಂತ. 20 ರೂಪಾಯಿಯ ಹನ್ನೆರಡು ಮೂಲೆಯನ್ನಂತೂ ತುಂಬ ಹೊಗಳುತ್ತಾರೆ. ನನಗೂ ಅವರ ಕಷ್ಟ ಗೊತ್ತು. 2007ರ ಸುಮಾರಿಗೆ ಬಂದ ಕೈಬೆರಳಿನ ಚಿತ್ರದ 1 ರೂಪಾಯಿ, 2 ರೂಪಾಯಿ ಸ್ಟೀಲಿನ ನಾಣ್ಯ ನೆನಪಿದೆ ಅಲ್ವಾ? ಒಂದಕ್ಕೆ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು. ಚಿತ್ರ ನೋಡಲು ಸರಳವಾಗಿತ್ತು, ಆದರೆ ಎರಡರ ಗಾತ್ರ ಹತ್ತಿರ ಹತ್ತಿರ. ರಾತ್ರಿ ಬಸ್ಸಿನ ಮಂದ ದೀಪದಲ್ಲಿ, ಘಟ್ಟದ ತಿರುವಿನಲ್ಲಿ ಒಂದು ಕೈ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಚಿಲ್ಲರೆ ಕೊಡುವಾಗ ಒಂದರ ಬದಲು ಎರಡು ಕೊಟ್ಟು ಎಷ್ಟೋ ದಿನ ಲೆಕ್ಕದಲ್ಲಿ ಕಡಿಮೆ ಬಂದಿದೆ. ಮೊದಲಿನ ಹನ್ನೊಂದು ಮೂಲೆಯ 2 ರೂಪಾಯಿ, ದಪ್ಪನೆಯ 5 ರೂಪಾಯಿ, ಇವು ಕತ್ತಲಲ್ಲೂ ತಪ್ಪುತ್ತಿರಲಿಲ್ಲ. ಚಿತ್ರ ಪಕ್ಕಾ ಮಾಡುವ ಮೊದಲು ನಾಲ್ಕು ಮಾದರಿ ಒತ್ತಿ ಕಣ್ಣು ಕಾಣದವರ ಕೈಗೆ ಕೊಟ್ಟು ಕೇಳಿ. ಅವರ ಸಂಘಗಳು ಎಲ್ಲ ಊರಲ್ಲಿವೆ.

ಅಕ್ಷರದ ಬಗ್ಗೆಯೂ ಸ್ವಲ್ಪ ಹೇಳಬೇಕು. ನಿಮ್ಮ ಸ್ಮಾರಕ ನಾಣ್ಯಗಳಲ್ಲಿ ಅಕ್ಷರ ಜಾಸ್ತಿ. ಮೇಲೆ ಅರ್ಧ ವೃತ್ತ ದೇವನಾಗರಿ, ಕೆಳಗೆ ಅರ್ಧ ವೃತ್ತ ಇಂಗ್ಲಿಷ್, ಪಕ್ಕದಲ್ಲಿ ಇಸವಿ, ನಡುವೆ ಉಳಿದ ಜಾಗದಲ್ಲಿ ಚಿತ್ರ. ಸಂಸ್ಥೆಯ ಹೆಸರು ಉದ್ದ ಇದ್ದರಂತೂ ಅಕ್ಷರ ಸಾಸಿವೆ ಕಾಳಿನ ಹಾಗಾಗುತ್ತದೆ. ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದ ಚಕ್ಕುಲಿಯ ಹಾಗೆ ಕಾಣುತ್ತವೆ, ಮುಖ ಮಾತ್ರ ಬೇರೆ. 2003ರಲ್ಲಿ ರೈಲ್ವೆಯ 150ಕ್ಕೆ 2 ರೂಪಾಯಿ ಮೇಲೆ ದೀಪ ಹಿಡಿದ ಆನೆ ಮರಿ ಹಾಕಿದ್ದಿರಲ್ಲ, ಆಗ ಬಸ್ಸಿನಲ್ಲಿ ಶಾಲೆ ಮಕ್ಕಳು "ಆನೆದು ಕೊಡಿ" ಅಂತ ಕೇಳಿ ಚಿಲ್ಲರೆ ಬದಲಿಸಿಕೊಳ್ಳುತ್ತಿದ್ದರು. ಯಾರೂ ಅಕ್ಷರ ಓದಿ ಕೇಳಲಿಲ್ಲ.

ಉಪ್ಪಿನ ನಾಣ್ಯಕ್ಕೆ 1930–2030 ಅನ್ನುವ ಇಸವಿ ಮತ್ತು ಒಂದೇ ಒಂದು ಪದ ಸಾಕು. ಆ ಪದ ಉಪ್ಪು. ಅದನ್ನು ಯಾವ ಲಿಪಿಯಲ್ಲಿ ಬರೆಯುವುದು? ಇದಕ್ಕೆ ಬೈತಖೋಲದ ನಮ್ಮ ಗೆಳೆಯರು ಕೊಟ್ಟ ಸಲಹೆ ಎಲ್ಲರಿಗೂ ಹಿಡಿಸಿತು. ಉಪ್ಪಿನ ಸತ್ಯಾಗ್ರಹ ದಂಡಿಯಲ್ಲಿ ಶುರುವಾದರೂ ದಂಡಿಯಲ್ಲಿ ನಿಲ್ಲಲಿಲ್ಲ. ತಮಿಳುನಾಡಿನ ವೇದಾರಣ್ಯಕ್ಕೆ ರಾಜಾಜಿ ನಡೆದರು, ಕೇರಳದ ಪಯ್ಯನೂರಿಗೆ ಕೆ. ಕೇಳಪ್ಪನ್ ನಡೆದರು, ಗುಜರಾತಿನ ಧರಾಸನದಲ್ಲಿ ಸರೋಜಿನಿ ನಾಯ್ಡು ನಿಂತರು, ಬಂಗಾಳ ಒಡಿಶಾದ ಕರಾವಳಿಯಲ್ಲೂ ಉಪ್ಪು ಕಾಯಿಸಿದರು, ಇಲ್ಲಿ ಅಂಕೋಲೆ. ಹಾಗಾದರೆ ನಾಣ್ಯದ ಸುತ್ತ ಕರಾವಳಿಯ ಭಾಷೆಗಳ ಲಿಪಿಗಳಲ್ಲಿ ಉಪ್ಪು ಅಂತ ಬರೆಯಿರಿ ಅಂತ ಅವರು ಹೇಳಿದರು. ಕನ್ನಡ, ತೆಲುಗು, ತಮಿಳು, ಮಲಯಾಳ ನಾಲ್ಕರಲ್ಲೂ ಪದ ಹೆಚ್ಚುಕಡಿಮೆ ಒಂದೇ, ಲಿಪಿ ಮಾತ್ರ ಬೇರೆ. ಅವರ ಮನೆ ಮಾತು ಕೊಂಕಣಿಯಲ್ಲಿ ಉಪ್ಪಿಗೆ ಮೀಟ ಅಂತಾರೆ, ದಂಡಿ ಇರುವ ಗುಜರಾತಿನ ಭಾಷೆಯಲ್ಲಿ ಮೀಠು.

ಇದು ಹೊಸ ಪದ್ಧತಿಯೂ ಅಲ್ಲ. ಸತ್ಯಾಗ್ರಹ ನಡೆದ ಕಾಲದಲ್ಲಿ ಚಲಾವಣೆಯಲ್ಲಿದ್ದ ಐದನೇ ಜಾರ್ಜ್‌ನ ಒಂದಾಣೆ ತೆಗೆದು ನೋಡಿ, ಹೂವಿನ ಎಸಳಿನಂಥ ಅಂಚಿನದ್ದು. ಒಂದಾಣೆ ಅಂತ ಇಂಗ್ಲಿಷಲ್ಲದೆ ಉರ್ದು, ನಾಗರಿ, ಬಂಗಾಳಿ, ತೆಲುಗು ಲಿಪಿಗಳಲ್ಲಿ ಬರೆದಿದೆ. ಪರದೇಶದ ಸರಕಾರಕ್ಕೂ ಅದು ಬೇಕು ಅನಿಸಿತ್ತು. ಈಚೆಗೆ ನೀವೇ ಅಣ್ಣಾದುರೈ ಅವರ ನಾಣ್ಯದಲ್ಲಿ ಅವರ ತಮಿಳು ಸಹಿ ಹಾಕಿದ್ದೀರಿ, 2024ರ ಕರುಣಾನಿಧಿ ನಾಣ್ಯದಲ್ಲಿ ತಮಿಳು ಸಾಲು ಹಾಕಿದ್ದೀರಿ. ಕನ್ನಡಕ್ಕೆ ನಾಣ್ಯ ಹೊಸದಲ್ಲ. ಬನವಾಸಿಯಲ್ಲಿ ಸಿಕ್ಕ ಐದನೇ ಶತಮಾನದ ತಾಮ್ರದ ನಾಣ್ಯದಲ್ಲಿ ಕನ್ನಡ ಲಿಪಿ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆನೆ ಚಿತ್ರದ ತಾಮ್ರದ ಕಾಸುಗಳಲ್ಲಿ 'ಮೈಲಿ ಕಾಸು' ಅಂತ ಕನ್ನಡದಲ್ಲೇ ಬರೆದಿತ್ತು. ಭಾರತ ಸರಕಾರದ ನಾಣ್ಯದಲ್ಲಿ 'ಉಪ್ಪು' ಅನ್ನುವ ಎರಡು ಅಕ್ಷರ ನೋಡುವ ಆಸೆ ನನಗಿದೆ. ಎರಡೇ ಅಕ್ಷರ.

ಹೊಸ ಚಿತ್ರದ ನಾಣ್ಯ ಚಲಾವಣೆಗೆ ಬಿಟ್ಟರೆ ಜನ ನಕಲಿ ಅಂತ ತಿರಸ್ಕರಿಸುತ್ತಾರೆ ಅನ್ನುವ ಭಯ ನಿಮಗಿರಬಹುದು. ಅದು ಸುಳ್ಳು ಭಯ ಅಲ್ಲ, ನಾನೇ ಅನುಭವಿಸಿದ್ದೇನೆ. 10 ರೂಪಾಯಿ ನಾಣ್ಯದ ಗಲಾಟೆ ಶುರುವಾದಾಗ ನಮ್ಮ ಚೀಲ ತುಂಬ ಹತ್ತರ ನಾಣ್ಯ, ತೆಗೆದುಕೊಳ್ಳುವವರು ಯಾರೂ ಇಲ್ಲ. ನಾಣ್ಯದ ಮೇಲೆ ಹತ್ತು ಗೆರೆ ಇರುವುದು ಅಸಲಿ, ಹದಿನೈದು ಇರುವುದು ನಕಲಿ ಅಂತ ಒಬ್ಬೊಬ್ಬರದ್ದು ಒಂದೊಂದು ಮಾತು. ಒಂದು ಹೋಟೆಲಿನಲ್ಲಿ ಚಹಾ ಕುಡಿದು ಹತ್ತರ ನಾಣ್ಯ ಕೊಟ್ಟರೆ ನೋಟೇ ಕೊಡಿ ಅಂತ ಕೂತರು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಿಕೆ ಕೊಟ್ಟಿತು: 14 ಬಗೆಯ ಚಿತ್ರದ 10 ರೂಪಾಯಿ ನಾಣ್ಯ ಬಿಟ್ಟಿದ್ದೇವೆ, ಎಲ್ಲವೂ ಅಸಲಿ ಅಂತ. ಅದನ್ನು ಒಬ್ಬ ಸಹೋದ್ಯೋಗಿ ಕನ್ನಡದಲ್ಲಿ ಬರೆದು ಬಸ್ಸಿನ ಗಾಜಿಗೆ ಅಂಟಿಸಿದರು. ಆ ಬಸ್ಸಿನಲ್ಲಿ ತಕರಾರು ಕಡಿಮೆ ಆಯಿತು. ಜನ ತಿರಸ್ಕರಿಸಿದ್ದು ಚಿತ್ರ ಹೊಸದು ಅಂತ ಅಲ್ಲ, ಯಾರೂ ಮೊದಲೇ ಹೇಳಿರಲಿಲ್ಲ ಅಂತ. ಉಪ್ಪಿನ ನಾಣ್ಯ ಬಿಡುವ ತಿಂಗಳು ಮೊದಲೇ ಅದರ ದೊಡ್ಡ ಚಿತ್ರವನ್ನು ಕನ್ನಡದಲ್ಲಿ ಬಸ್ ಸ್ಟ್ಯಾಂಡ್, ಅಂಚೆ ಕಚೇರಿ, ಪಡಿತರ ಅಂಗಡಿ, ಶಾಲೆಗಳಲ್ಲಿ ಹಾಕಿಸಿ. ಶಿರಸಿಯ ಮಾರಿಕಾಂಬಾ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ಅಲ್ಲೊಂದು ಬೋರ್ಡ್ ಇಟ್ಟರೆ ಇಡೀ ಮಲೆನಾಡಿಗೆ ಗೊತ್ತಾಗುತ್ತದೆ.

ಕೊನೆಯದಾಗಿ, ಚಿತ್ರ ಆರಿಸುವ ಬಗೆ. ಈಗ ನಮಗೆ ಹೊಸ ನಾಣ್ಯದ ವಿಷಯ ಗೊತ್ತಾಗುವುದು ಗೆಜೆಟ್‌ನಲ್ಲಿ ಬಂದ ಮೇಲೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಅಳತೆ, ತೂಕ, ಲೋಹ, ಚಿತ್ರ ಎಲ್ಲ ಅದರಲ್ಲಿ ಬರೆದಿರುತ್ತದೆ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ನಾವು ಹೊಗಳಬಹುದು, ಬೈಯಬಹುದು, ಬದಲಿಸಲು ಆಗುವುದಿಲ್ಲ. ಆದರೆ ನಮ್ಮ ರೂಪಾಯಿಯ ಗುರುತು ಹೇಗೆ ಬಂತು? ನೀವೇ ದೇಶದ ಎಲ್ಲರಿಂದ ಚಿತ್ರ ಕೇಳಿದಿರಿ, ಮೂರು ಸಾವಿರಕ್ಕೂ ಹೆಚ್ಚು ಬಂದವು, ಅದರಲ್ಲಿ ಡಿ. ಉದಯಕುಮಾರ್ ಅವರದ್ದು 2010ರ ಜುಲೈನಲ್ಲಿ ಒಪ್ಪಿಗೆ ಆಯಿತು. ಇವತ್ತು ಹಳ್ಳಿಯ ಗೂಡಂಗಡಿಯವರೂ ಬೆಲೆ ಬರೆಯುವಾಗ ಅದನ್ನು ಹಾಕುತ್ತಾರೆ. 20 ರೂಪಾಯಿ ನಾಣ್ಯಕ್ಕೂ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರನ್ನು ಸೇರಿಸಿಕೊಂಡಿದ್ದಿರಿ. ಬ್ರಿಟನ್ನಿನಲ್ಲಿ 2008ರ ನಾಣ್ಯಗಳಿಗೆ ಜನರಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರ ಬಂದಿದ್ದವು, ಗೆದ್ದವನು 26 ವರ್ಷದ ಒಬ್ಬ ಯುವಕ. ಉಪ್ಪಿನ ನಾಣ್ಯಕ್ಕೂ ಹಾಗೆ ಮಾಡಿ. ಶಾಲೆ ಮಕ್ಕಳಿಗೂ ಬರೆಯಲು ಬಿಡಿ. ಕೊನೆಯ ಐದು ಚಿತ್ರಗಳನ್ನು ಗೆಜೆಟ್‌ಗೆ ಹೋಗುವ ಮೊದಲು ಎಲ್ಲರಿಗೂ ಕಾಣುವ ಹಾಗೆ ಇಡಿ, ಪರದೆಯ ಮೇಲೆ ದೊಡ್ಡದಾಗಿ ಅಲ್ಲ, ನಾಣ್ಯದ ನಿಜವಾದ ಗಾತ್ರದಲ್ಲಿ. ಒಂದೆರಡು ತಿಂಗಳು ಅಭಿಪ್ರಾಯ ಕೇಳಿ. 2030 ದೂರ ಇಲ್ಲ, ಅಚ್ಚು ಕೊರೆಯಲು, ಮಾದರಿ ಒತ್ತಲು ಎಷ್ಟು ಸಮಯ ಬೇಕು ಅಂತ ನಿಮಗೇ ಗೊತ್ತು. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಇನ್ನೊಂದು ಸಣ್ಣ ವಿಷಯ. ಕೂಡಿಡುವವರು ನಾಣ್ಯದ ಇಸವಿಯ ಕೆಳಗೆ ಮೊದಲು ಹುಡುಕುವುದು ಟಂಕಸಾಲೆಯ ಗುರುತು. ಮುಂಬೈಯದ್ದು ವಜ್ರದ ಆಕಾರ, ಹೈದರಾಬಾದಿನದ್ದು ನಕ್ಷತ್ರ, ನೋಯ್ಡಾದ್ದು ಚುಕ್ಕಿ, ಕೋಲ್ಕತ್ತಾದ್ದಕ್ಕೆ ಗುರುತೇ ಇಲ್ಲ. 1930ರಲ್ಲಿ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಆಗುವುದಾದರೆ ಉತ್ತರ ಕನ್ನಡಕ್ಕೆ ಬರುವ ಮೊದಲ ಮೂಟೆ ವಜ್ರದ ಗುರುತಿನದ್ದೇ ಆಗಿರಲಿ ಅಂತ ಕ್ಯಾಷಿಯರ್ ಬರೆಯಲು ಹೇಳಿದ್ದಾರೆ.

ಮೇಷ್ಟ್ರು ಬರೆದ ಮೂರೂ ಚಿತ್ರಗಳನ್ನು 27 ಮಿಲಿಮೀಟರ್ ಅಳತೆಗೇ ಇಳಿಸಿ, ರಟ್ಟಿನ ಮೇಲೆ ಅಂಟಿಸಿ ಅಂಚೆಯಲ್ಲಿ ಬೇರೆಯಾಗಿ ಕಳಿಸುತ್ತಿದ್ದೇವೆ. ಅಂಗೈಯ ಚಿತ್ರದ ಹಿಂದೆ ಕ್ಯಾಷಿಯರ್ ಅವರ ತಕರಾರನ್ನು ಅವರ ಕೈಬರಹದಲ್ಲೇ ಬರೆಸಿದ್ದೇವೆ. ಆಗರದ ಚಿತ್ರವನ್ನು ಮೇಷ್ಟ್ರು ಗೆರೆ ಎಬ್ಬಿಸಿ ಮಾಡಿದ್ದಾರೆ. ಕುಮಟಾದ ಸ್ನೇಹಿತರು ಮುಟ್ಟಿ ನೋಡಿ, ಇದು ಗದ್ದೆಯಾ ಆಗರವಾ ಅಂತ ಕೇಳಿದರು, ಆಮೇಲೆ ಗುಡ್ಡೆ ಕೈಗೆ ಸಿಕ್ಕಿತು. ನೀವೂ ಕಣ್ಣು ಮುಚ್ಚಿ ಒಮ್ಮೆ ಮುಟ್ಟಿ ನೋಡಿ. ಉತ್ತರ ಯಾವ ಭಾಷೆಯಲ್ಲಿ ಬರೆದರೂ ಓದಿಸಿಕೊಳ್ಳುತ್ತೇವೆ.

ನಿಮ್ಮ ವಿಶ್ವಾಸಿ,
ನಾಣ್ಯ ಕೂಡಿಡುವ ಒಬ್ಬ ನಿವೃತ್ತ ಕಂಡಕ್ಟರ್, ಕಾರವಾರ